ಹೊಂಗೆ ಮರಕ್ಕೆ ಇಪ್ಪತ್ತೈದು ಅಂಕ

ಫೆಬ್ರವರಿಯ ನಡುವಿಗೆ ಮೈಸೂರಿನ ಹೊಂಗೆಗಳು ಎಲೆ ಕಳಚತೊಡಗುತ್ತವೆ. ಒಂದೇ ಸಾಲಿನ ಮರಗಳಾದರೂ ಎಲ್ಲವೂ ಒಟ್ಟಿಗೆ ಕಳಚುವುದಿಲ್ಲ. ಒಂದು ಪೂರ್ತಿ ಬೋಳಾಗಿರುತ್ತದೆ, ಪಕ್ಕದ್ದು ಅರ್ಧ ಹಳದಿಗೆ ತಿರುಗಿರುತ್ತದೆ, ಅದರಾಚೆಯದು ತುದಿಕೊಂಬೆಗಳಲ್ಲಿ ಆಗಲೇ ಚಿಗುರೊಡೆದಿರುತ್ತದೆ. ಕಳೆದ ವರ್ಷದ ಕಾಯಿ ಕಂದುಗಟ್ಟಿ ಬರಿಗೊಂಬೆಯಲ್ಲಿ ಜೋತಿರುತ್ತದೆ. ಅವರೆಯ ಬಳಗದ್ದಾದರೂ ಸಿಡಿದು ಬಿರಿಯುವುದಿಲ್ಲ, ಇಡಿಯಾಗಿ ಕೆಳಗೆ ಬೀಳುತ್ತದೆ. ಯುಗಾದಿ ಹತ್ತಿರವಾದಂತೆ ಇಡೀ ಮರ ಎಳೆಹಸಿರು. ಬಳಿಕ ನಸುಗೆಂಪು ಬೆರೆತ ಬಿಳಿ ಹೂವಿನ ಗೊಂಚಲುಗಳು, ಅವು ಉದುರಿ ಬುಡದಲ್ಲೊಂದು ಹಾಸು. ಕ್ಯಾಲೆಂಡರ್ ಹಳಿ ತಪ್ಪದ ವರ್ಷಗಳಲ್ಲಿ ಪದವಿ ಕಾಲೇಜುಗಳ ಎರಡನೆಯ ಸೆಮಿಸ್ಟರ್ ನಡೆಯುವುದೂ ಇದೇ ತಿಂಗಳುಗಳಲ್ಲಿ. ಮರದ ಬದುಕಿನಲ್ಲಿ ಅತಿ ಹೆಚ್ಚು ಸಂಗತಿಗಳು ನಡೆಯುವ ಈ ನಾಲ್ಕು ತಿಂಗಳೂ ವಿದ್ಯಾರ್ಥಿ ಅದರ ನೆರಳಿನಲ್ಲಿ ಬೈಕ್ ನಿಲ್ಲಿಸಿ, ಒಳಗೆ ಹೋಗಿ, ಫ್ಯಾಬೇಸಿ ಕುಟುಂಬದ ಹೂವಿನ ಚಿತ್ರ ಬಿಡಿಸುತ್ತಾನೆ.

ಆ ಚಿತ್ರಗಳನ್ನು ನಾನು ರಾಶಿಗಟ್ಟಲೆ ನೋಡಿದ್ದೇನೆ. ರೆಕಾರ್ಡ್ ಪುಸ್ತಕದ ಎಡಬದಿಯ ಬಿಳಿ ಹಾಳೆಯಲ್ಲಿ ಪೆನ್ಸಿಲ್ ಚಿತ್ರ, ಬಲಬದಿಯ ಗೆರೆ ಹಾಳೆಯಲ್ಲಿ ವಿವರಣೆ, ಅಡಿಯಲ್ಲಿ ಮೇಷ್ಟ್ರ ಸಹಿ, ತಾರೀಕು. ಹೂ ನೋಡಿ ಬಿಡಿಸಿದವರು ಕಡಿಮೆ. ಬಹುಪಾಲು ಚಿತ್ರಗಳು ಸೀನಿಯರ್‌ಗಳ ರೆಕಾರ್ಡಿನಿಂದ ಇಳಿದವು. ಸೀನಿಯರ್ ತನ್ನ ಸೀನಿಯರ್‌ನಿಂದ ಇಳಿಸಿಕೊಂಡಿರುತ್ತಾನೆ. ಪಕ್ಕಪಕ್ಕ ಇಟ್ಟು ಬಿಡುವಾಗಿ ನೋಡಿದರೆ ಅಲ್ಲೊಂದು ವಂಶವೃಕ್ಷವೇ ಕಾಣುತ್ತದೆ. ಒಂದು ಬ್ಯಾಚಿನಲ್ಲಿ ಹೂವಿನ ಕೆಳದಳ ತುಸು ಕುಗ್ಗಿದರೆ ಮುಂದಿನ ಬ್ಯಾಚುಗಳಲ್ಲಿ ಅದು ಕುಗ್ಗುತ್ತಲೇ ಹೋಗುತ್ತದೆ. ಯಾರೋ ಒಬ್ಬರು ಅಂಡಾಶಯಕ್ಕೆ ಎಳೆಯಬೇಕಿದ್ದ ಹೆಸರಿನ ಗೆರೆಯನ್ನು ಖಾಲಿ ಜಾಗಕ್ಕೆ ಎಳೆದಿರುತ್ತಾರೆ. ಅವರಿಂದ ಇಳಿದ ಅಷ್ಟೂ ಪುಸ್ತಕಗಳಲ್ಲಿ ಗೆರೆ ಗಾಳಿಯಲ್ಲೇ ನಿಲ್ಲುತ್ತದೆ. ಜೀವಿಗಳ ನಂಟನ್ನು ಜೀನ್‌ಗಳಲ್ಲಿ ನುಸುಳಿದ ಬದಲಾವಣೆಗಳಿಂದ ಪತ್ತೆ ಮಾಡುತ್ತಾರಲ್ಲ, ಅದೇ ಕ್ರಮದಲ್ಲಿ ಯಾರು ಯಾರಿಂದ ನಕಲು ಮಾಡಿದರೆಂದು ಇಲ್ಲಿ ಹೇಳಬಹುದು. ಎಲ್ಲದರ ಕೆಳಗೂ ಕೆಂಪು ಶಾಯಿಯ ಸಹಿ ಇರುತ್ತದೆ.

ಇದನ್ನು ವಿದ್ಯಾರ್ಥಿಗಳ ಸೋಮಾರಿತನ ಎಂದು ಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವ ಪ್ರಾಣಿಯಾದರೂ ಮೇವು ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಅಂಕ ಇರುವುದು ಪುಸ್ತಕದ ಅಂದಕ್ಕೆ, ಪಾಠದ ಹೂವಿಗೆ. ಕಿಟಕಿಯಾಚೆಯ ಹೂವಿಗೆ ಯಾರೂ ಅಂಕ ಇಟ್ಟಿಲ್ಲ.

ಇಟ್ಟವರೇ ಇಲ್ಲವೆಂದೂ ಅಲ್ಲ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟು ಪರಿಸರದ ಪಾಠ ಎಲ್ಲ ಹಂತಗಳಲ್ಲೂ ಇರಬೇಕೆಂದಿತು. ಅದರ ಬೆನ್ನಿಗೆ ಬಹಳ ತಡವಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಯುಜಿಸಿ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯವಾದ ಪರಿಸರ ಅಧ್ಯಯನದ ಪಠ್ಯಕ್ರಮ ರೂಪಿಸಿತು. ಪುಣೆಯ ಇರಾಚ್ ಭರೂಚಾ ಅದಕ್ಕೆ ಪಠ್ಯಪುಸ್ತಕ ಬರೆದರು. ಒಟ್ಟು 50 ತರಗತಿಗಳು, ಎಂಟು ಘಟಕಗಳು. ಎಂಟನೆಯ ಘಟಕ ಪೂರ್ತಿ ಹೊರಗಿನ ಕೆಲಸ: ಹತ್ತಿರದ ಹೊಳೆಯನ್ನೋ ಕಾಡನ್ನೋ ಗುಡ್ಡವನ್ನೋ ನೋಡಿ ದಾಖಲಿಸುವುದು, ಮಲಿನವಾದ ಒಂದು ಜಾಗಕ್ಕೆ ಹೋಗುವುದು, ಸುತ್ತಲ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವುದು, ಒಂದು ಕೊಳವನ್ನು ಅಭ್ಯಾಸ ಮಾಡುವುದು. ಇದಕ್ಕೆ ಐದು ತರಗತಿಗಳ ಹೊತ್ತು. ನೂರರಲ್ಲಿ 25 ಅಂಕ. ಕಾಗದದ ಮೇಲೆ ಇದು ನಮ್ಮ ಉನ್ನತ ಶಿಕ್ಷಣದಲ್ಲಿ ಹೊರಗಣ್ಣಿಗೆ ಸಿಕ್ಕ ಅತಿ ದೊಡ್ಡ ಮನ್ನಣೆ. ಬಿ.ಕಾಂ. ಹುಡುಗನೂ ಕೆರೆಯ ದಂಡೆಗೆ ಹೋಗಬೇಕಿತ್ತು. ಹಲವು ಕಡೆ ಅವನು ಹೋದದ್ದು ಜೆರಾಕ್ಸ್ ಅಂಗಡಿಗೆ. ಕೆರೆಯ ವರದಿ ಸ್ಪೈರಲ್ ಬೈಂಡಿಂಗ್ ಸಮೇತ ಸಿದ್ಧವಾಗಿ ಸಿಗುತ್ತಿತ್ತು, ಮೊದಲ ಪುಟದಲ್ಲಿ ಹೆಸರು ಬದಲಾಯಿಸಿದರೆ ಆಯಿತು. ಇಡೀ ತರಗತಿಗೆ 22, 23 ಅಂಕ.

ಆಮೇಲೆ 2021-22ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಗೆ ಹೊರಳಿತು. ನೂರಕ್ಕೆ 40 ಅಂಕ ಕಾಲೇಜಿನೊಳಗಿನ ಮೌಲ್ಯಮಾಪನಕ್ಕೆ ಬಂತು. 2024-25ಕ್ಕೆ ಮತ್ತೆ ಮೂರು ವರ್ಷದ ಪದವಿಯ ದಾರಿಗೆ ಮರಳಿದೆವು. ಪಠ್ಯಕ್ರಮ ಅತ್ತಿತ್ತ ಓಡಾಡಿತು. ರೆಕಾರ್ಡ್ ಪುಸ್ತಕ ಇದ್ದಲ್ಲೇ ಇತ್ತು.

ಮೈಸೂರಿನ ಒಂದು ಪದವಿ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಆ 25 ಅಂಕದ ಹಳೆಯ ಲೆಕ್ಕವನ್ನೇ ತಮ್ಮ ಕೈಯಲ್ಲಿದ್ದ ಆಂತರಿಕ ಅಂಕಗಳಿಗೆ ತಂದುಕೊಂಡು, ಅದನ್ನು ಒಡೆದು ಬೇರೆ ರೀತಿ ಹಂಚಿದರು. ಅವರ ಜೊತೆ ಹಕ್ಕಿ ನೋಡಲು ತಿರುಗಾಡಿದ ಪರಿಚಯದಿಂದ ನನ್ನನ್ನೂ ಕರೆದರು. ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಹೊಂಗೆ. ಪ್ರಾಕ್ಟಿಕಲ್ ಅವಧಿಯ ಮೊದಲ ಅರ್ಧ ಗಂಟೆ ಮರದ ಬುಡದಲ್ಲಿ. ಪುಟಕ್ಕೆ ಮೂರು ಕಾಲಂ: ನಾನು ಕಂಡದ್ದು, ನಾನು ಊಹಿಸಿದ್ದು, ಬೇರೆಯವರು ಹೇಳಿದ್ದು. ತಾರೀಕು, ಹೊತ್ತು, ಜಾಗ, ಹವೆ ತಪ್ಪದೆ ಬರೆದರೆ 5 ಅಂಕ. ವಾರದಿಂದ ವಾರಕ್ಕೆ ಆದ ಬದಲಾವಣೆ ಹಿಡಿದರೆ 8. ಒಂದು ಪ್ರಶ್ನೆ ಮತ್ತು ಅದನ್ನು ಪರೀಕ್ಷಿಸುವ ದಾರಿ, 7. ತನ್ನದೇ ಹಳೆಯ ಟಿಪ್ಪಣಿಯನ್ನು ಹೊಸದಾಗಿ ಕಂಡದ್ದರ ಆಧಾರದಿಂದ ತಿದ್ದಿದ್ದಕ್ಕೆ 5. ಲ್ಯಾಟಿನ್ ಹೆಸರಿಗೆ ಅಂಕವಿಲ್ಲ. ಸೆಮಿಸ್ಟರ್ ಮುಗಿಯುವವರೆಗೆ ಅಂಕ ಎಷ್ಟೆಂದು ಹೇಳುವುದೂ ಇಲ್ಲ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಮಾತ್ರ.

ಮೊದಲ ವಾರದ ಪುಸ್ತಕಗಳಲ್ಲಿ ಎರಡೇ ಬಗೆ. ಒಂದರಲ್ಲಿ 'ಮರ ಹಸಿರಾಗಿದೆ, ಏನೂ ವಿಶೇಷವಿಲ್ಲ.' ಇನ್ನೊಂದರಲ್ಲಿ ಪಠ್ಯದಿಂದ ಇಳಿಸಿದ ಎಲೆಯ ವರ್ಣನೆ, ಐದರಿಂದ ಏಳು ಕಿರುಎಲೆ, ತುದಿಯಲ್ಲಿ ಒಂಟಿ ಎಲೆ ಇತ್ಯಾದಿ. ಆ ಮರದ ಕೈಗೆಟುಕುವ ಕೊಂಬೆಯಲ್ಲಿ ಎಲೆಯೇ ಇರಲಿಲ್ಲ ಎಂಬುದು ಬರೆದವನ ಗಮನಕ್ಕೆ ಬಂದಿರಲಿಲ್ಲ. ಮೇಡಂ ಅಂಚಿನಲ್ಲಿ ಬರೆದರು: 'ಈ ಎಲೆ ಎಷ್ಟು ಎತ್ತರದಲ್ಲಿತ್ತು?'

'ಮೇಡಂ, ಏನ್ ಬರೀಬೇಕು ಅಂತ ಒಂದ್ಸಲ ಹೇಳ್ಬಿಡಿ' ಎಂದು ಅವರ ಹಿಂದೆ ಬಿದ್ದವರು ಬಹಳ. ಅವರು ಹೇಳಲಿಲ್ಲ. ಆದರೆ ಪ್ರತಿ ಪುಟಕ್ಕೂ ಒಂದು ಪ್ರಶ್ನೆ ಬರೆಯುವುದನ್ನು ಬಿಡಲೂ ಇಲ್ಲ. ಉತ್ತರ ಹೇಳದಿರುವುದಕ್ಕೂ ಒಂಟಿಯಾಗಿ ಬಿಟ್ಟುಬಿಡುವುದಕ್ಕೂ ನಡುವಿನ ಅಂತರ ದೊಡ್ಡದು. ನಿಸರ್ಗ ಪಾಠದ ಮಾತು ಬಂದಲ್ಲೆಲ್ಲ ಲೂಯಿ ಅಗಾಸಿಯ ಮೀನಿನ ಕತೆ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹಾರ್ವರ್ಡ್‌ನಲ್ಲಿದ್ದ ಅಗಾಸಿ, ಹೊಸ ಶಿಷ್ಯ ಸ್ಯಾಮ್ಯುಯೆಲ್ ಸ್ಕಡರ್‌ನ ಮುಂದೆ ಸ್ಪಿರಿಟ್‌ನಲ್ಲಿಟ್ಟ ಮೀನೊಂದನ್ನು ಇಟ್ಟು ನೋಡು ಎಂದು ಹೇಳಿ ಹೊರಟುಹೋದ. ಮೂರು ದಿನ ಅದನ್ನೇ ನೋಡಿಸಿದ. ಸ್ಕಡರ್ ಮುಂದೆ ಚಿಟ್ಟೆ, ಮಿಡತೆಗಳ ದೊಡ್ಡ ಪಂಡಿತನಾದ; ಆ ಪಾಠವನ್ನು 1874ರಲ್ಲಿ ಬರೆದ. ಕತೆ ಸೊಗಸು. ಆದರೆ ನನಗೆ ಅದರ ಮೇಲೆ ಸ್ವಲ್ಪ ಗುಮಾನಿ. ಸ್ಕಡರ್ ಮೊದಲೇ ಕೀಟಗಳ ಹುಚ್ಚು ಹಿಡಿಸಿಕೊಂಡು ಬಂದವನು, ಮೂರು ದಿನ ಮೀನಿನ ಮುಂದೆ ಕೂರುವ ಬಿಡುವು ಇದ್ದವನು. ಗುಂಡ್ಲುಪೇಟೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯನ್ನು ಹಾಗೆ ಒಂಟಿಯಾಗಿ ಬಿಟ್ಟರೆ ಅವಳು ಮೀನನ್ನು ನೋಡುವುದಿಲ್ಲ, ಬಾಗಿಲನ್ನು ನೋಡುತ್ತಾಳೆ. ಇನ್ನೊಂದು ಮಾತು: ಅಷ್ಟೆಲ್ಲ ನೋಡಿದ ಅಗಾಸಿ ಕೊನೆಯವರೆಗೂ ಡಾರ್ವಿನ್‌ನನ್ನು ಒಪ್ಪಲಿಲ್ಲ. ಕಂಡದ್ದನ್ನು ಒಂದು ಕಾಲಂನಲ್ಲೂ ಊಹಿಸಿದ್ದನ್ನು ಇನ್ನೊಂದರಲ್ಲೂ ಬರೆಯುವ ಶಿಸ್ತು ಗುರುವಿಗೂ ಬೇಕಿತ್ತೇನೋ.

ಅಂಕ ಮುಚ್ಚಿಟ್ಟು ಮಾತು ಮಾತ್ರ ಕೊಡುವುದಕ್ಕೆ ಒಳ್ಳೆಯ ಆಧಾರವಿದೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಾಲಾ ಮಕ್ಕಳ ಒಂದು ಗುಂಪಿಗೆ ಅಂಕ, ಒಂದಕ್ಕೆ ಟಿಪ್ಪಣಿ, ಇನ್ನೊಂದಕ್ಕೆ ಎರಡೂ ಕೊಟ್ಟರು. ಟಿಪ್ಪಣಿ ಮಾತ್ರ ಪಡೆದವರ ಕೆಲಸವೂ ಆಸಕ್ತಿಯೂ ಮೇಲಾಯಿತು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಿಗಿಂತ ಹೆಚ್ಚೇನೂ ಮುಂದೆ ಹೋಗಲಿಲ್ಲ: ಅಂಕ ಕಂಡೊಡನೆ ಟಿಪ್ಪಣಿ ಕಣ್ಣಿಗೆ ಬೀಳುವುದಿಲ್ಲ. ಅವು ಮಕ್ಕಳು, ಇವರು ಹತ್ತೊಂಬತ್ತರ ಯುವಕರು, ನಿಜ. ಇಂಟರ್ನಲ್ಸ್ ಪೇಪರ್ ವಾಪಸು ಕೊಟ್ಟ ಗಳಿಗೆಯಲ್ಲಿ ಯಾವುದಾದರೂ ಡಿಗ್ರಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಎಲ್ಲರೂ ಕೊನೆಯ ಪುಟ ತಿರುಗಿಸುತ್ತಾರೆ, ಪಕ್ಕದವನದು ಎಷ್ಟೆಂದು ಕೇಳುತ್ತಾರೆ, ಮಡಚಿ ಬ್ಯಾಗಿಗೆ ತುರುಕುತ್ತಾರೆ.

ಮಾರ್ಚ್ ಮೊದಲ ವಾರ. ಎಳೆ ಎಲೆ ಬಂದಿದೆ. ಒಂದು ಜೋಡಿಯ ಪುಸ್ತಕದಲ್ಲಿ ಮೊದಲ ನಿಜವಾದ ಟಿಪ್ಪಣಿ: 'ಹಳೆ ಎಲೆಗಳ ಮೇಲೆಲ್ಲ ಗಂಟು ಗಂಟು ಇತ್ತು. ಹೊಸ ಎಲೆಯಲ್ಲಿ ಒಂದೂ ಇಲ್ಲ.' ಹೊಂಗೆ ಎಲೆಯ ಮೇಲೆ ಏಳುವ ಈ ಗಂಟುಗಳನ್ನು ಎಲ್ಲರೂ ರೋಗ ಎಂದುಬಿಡುತ್ತಾರೆ. ಅವು ಒಂದು ಬಗೆಯ ನುಸಿಯ ಮನೆಗಳು. ಆಸೇರಿಯಾ ಪೊಂಗಾಮಿಯೇ ಎಂಬ ಆ ನುಸಿ ಬರಿಗಣ್ಣಿಗೆ ಕಾಣದು. ಜೇಡನ ದೂರದ ನೆಂಟನಾದರೂ ಅದಕ್ಕೆ ಇರುವುದು ಎಂಟಲ್ಲ, ನಾಲ್ಕೇ ಕಾಲು. ಬೆಳೆಯುತ್ತಿರುವ ಎಳೆ ಎಲೆಯನ್ನು ಅದು ಚುಚ್ಚಿದಾಗ ಎಲೆಯೇ ಉಬ್ಬಿ ಅದರ ಸುತ್ತ ಗೂಡು ಕಟ್ಟಿಕೊಡುತ್ತದೆ. ಇದನ್ನೆಲ್ಲ ಆ ಹುಡುಗರಿಗೆ ಹೇಳಬೇಕೆಂದು ನನ್ನ ಬಾಯಿ ತುರಿಸುತ್ತಿತ್ತು. ಮೇಡಂ ಕಣ್ಣಿನಲ್ಲೇ ತಡೆದರು. ಎರಡು ವಾರ ಕಳೆದ ಮೇಲೆ ಅದೇ ಪುಟದ ಕೆಳಗೆ ಬಂದ ಸಾಲು ಇದು: 'ಗಂಟು ಶುರುವಾಗಿದೆ. ಕೆಳಗಿನ ಕೊಂಬೆಯಲ್ಲಿ ಜಾಸ್ತಿ. ಹಳೆ ಎಲೆಯೆಲ್ಲ ಉದುರಿ ಗುಡಿಸಿ ಸುಟ್ಟಿದ್ದರು. ಹಾಗಿದ್ದರೆ ಇದು ಎಲ್ಲಿಂದ ಬಂತು?'

ಆಗ ಹೇಳಿದೆವು, ನುಸಿಯ ವಿಚಾರ. ಗಾಳಿಯಲ್ಲಿ ತೇಲಿ ಬರಬಲ್ಲದು ಎಂದೂ ಹೇಳಿದೆವು. ಹುಡುಗ ಒಪ್ಪಲಿಲ್ಲ. 'ಗಾಳೀಲಿ ಬಂದ್ರೆ ಮೇಲಿನ ಕೊಂಬೇಲಿ ಜಾಸ್ತಿ ಇರ್ಬೇಕಲ್ವಾ ಸರ್? ಮೊಗ್ಗಲ್ಲೇ ಅವಿತ್ಕೊಂಡಿದ್ರೆ?' ಉದುರುವ ಮುಂಚೆ ಒಂದು ಕೊಂಬೆಯ ಮೊಗ್ಗುಗಳಿಗೆ ಬಟ್ಟೆ ಚೀಲ ಕಟ್ಟಿ, ಪಕ್ಕದ ಕೊಂಬೆಯನ್ನು ಹಾಗೇ ಬಿಟ್ಟು, ಚಿಗುರಿದ ಮೇಲೆ ಎರಡರ ಗಂಟುಗಳನ್ನೂ ಎಣಿಸಿದರೆ ಗೊತ್ತಾಗುತ್ತದೆ ಎಂದು ಅವನ ಜೊತೆಗಾತಿ ಬರೆದಳು. ಆ ವರ್ಷದ ಮಟ್ಟಿಗೆ ಕಾಲ ಮೀರಿತ್ತು. ಪ್ರಶ್ನೆಗೂ ದಾರಿಗೂ ಇದ್ದ 7 ಅಂಕ ಪೂರ್ತಿ ಅವರಿಗೆ ಹೋಯಿತು. ಉತ್ತರವಿಲ್ಲದೆಯೂ ಪೂರ್ತಿ ಅಂಕ ಬರುವ ಪರೀಕ್ಷೆಯನ್ನು ಅವರು ಹಿಂದೆ ಎಂದೂ ಬರೆದಿರಲಿಲ್ಲ.

ಅದೇ ತಿಂಗಳ ಕೊನೆಗೆ ಎಳೆ ಎಲೆಗಳ ಅಂಚು ತಿಂದುಹೋಗಿತ್ತು. ಎಲೆಯನ್ನು ಮಡಚಿ ರೇಷ್ಮೆ ಎಳೆಯಿಂದ ಹೊಲಿದುಕೊಂಡ ಕಂಬಳಿಹುಳು ಸಿಕ್ಕಿತು. ಹಸೋರಾ ಕುಲದ ಚಿಟ್ಟೆಯದು. ಈ ಚಿಟ್ಟೆ ಹೊತ್ತು ಮೂಡುವಾಗ, ಮುಳುಗುವಾಗ ಚುರುಕು. ಕಾಲೇಜಿನ ಹೊತ್ತು ಬೆಳಗಿನ ಹತ್ತರಿಂದ ನಾಲ್ಕು. ಚಿಟ್ಟೆಗಾಗಿ ಸಂಜೆ ನಿಲ್ಲಲು ಹಾಸ್ಟೆಲಿನ ಹುಡುಗರು ಮಾತ್ರ ಸಿದ್ಧರಿದ್ದರು, ಬಸ್ಸಿನ ಹುಡುಗಿಯರಿಗೆ ಆಗುವಂತಿರಲಿಲ್ಲ. ಇಂಥದರಲ್ಲೇ ಹೊಸ ಬಗೆಯ ಮೌಲ್ಯಮಾಪನಗಳು ಎಡವುತ್ತವೆ: ಹೆಚ್ಚು ಹೊತ್ತು ಉಳಿಯಬಲ್ಲವನಿಗೆ ಹೆಚ್ಚು ಅಂಕ. ಮೇಡಂ ನಿಯಮ ಬದಲಿಸಿದರು. ತಮ್ಮ ಊರಿನ ಹೊಂಗೆಯನ್ನೇ ಆರಿಸಿಕೊಳ್ಳಬಹುದು, ಯಾವ ಹೊತ್ತಿನಲ್ಲಾದರೂ ನೋಡಬಹುದು.

ಅದರಿಂದ ಯಾರೂ ಎಣಿಸದ ಲಾಭವಾಯಿತು. ಮೂರನೆಯ ಕಾಲಂ, 'ಬೇರೆಯವರು ಹೇಳಿದ್ದು', ಅಲ್ಲಿಯವರೆಗೆ ಬಹುಪಾಲು ಖಾಲಿ ಇತ್ತು. ಈಗ ಅಜ್ಜಿಯರು ಬಂದರು. ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದದ್ದು, ಎಣ್ಣೆ ತೆಗೆದ ಹಿಂಡಿಯನ್ನು ಬೆಳೆಯ ಬುಡಕ್ಕೆ ಹಾಕುತ್ತಿದ್ದದ್ದು, ದೀಪಕ್ಕೆ ಹೊಂಗೆಣ್ಣೆ. ಒಬ್ಬಳ ಪುಸ್ತಕದಲ್ಲಿ ಅಜ್ಜಿಯ ಮಾತು ಹೀಗಿದೆ: 'ಹೊಂಗೆ ಹೂ ಚೆನ್ನಾಗಿ ಬಂದ ವರ್ಷ ಮಳೆ ಚೆನ್ನಾಗಿ ಆಗುತ್ತೆ.' ಮೇಡಂ ಅಂಚಿನಲ್ಲಿ ಕೇಳಿದ ಪ್ರಶ್ನೆ, 'ಇದನ್ನು ಯಾವ ಕಾಲಂಗೆ ಹಾಕುತ್ತೀಯ? ಅಜ್ಜಿ ಕಂಡದ್ದೋ, ಅಜ್ಜಿ ಊಹಿಸಿದ್ದೋ?' ಹುಡುಗಿ ಮನೆಗೆ ಹೋಗಿ ಅಜ್ಜಿಯನ್ನೇ ಕೇಳಿಕೊಂಡು ಬಂದಳು. ಅಜ್ಜಿಗೆ ಸಿಟ್ಟು ಬಂದಿತಂತೆ.

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಎಲ್ಲರನ್ನೂ ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ ಅದು, ಮಾನಸಗಂಗೋತ್ರಿಯ ಮಗ್ಗುಲಲ್ಲೇ ಇದೆ. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು. ಜೀವಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ಪಾಟರ್ಸ್ ಎಂದರೆ ಗೊತ್ತು: ಮೇಜಿನ ಮೇಲೆ ಬಾಟಲಿಯೊಳಗಿನ ಮಾದರಿ, ಅಂಟಿಸಿದ ನಂಬರು, ಬೆಲ್ ಹೊಡೆದರೆ ಮುಂದಿನದಕ್ಕೆ. ಇಲ್ಲಿ ಸ್ಪಾಟರ್ ನೀರಿನೊಳಗೆ ಮುಳುಗಿ ಬೇರೆಲ್ಲೋ ಏಳುತ್ತದೆ. ಕರಿಯ ಹಕ್ಕಿಯೊಂದು ಕಲ್ಲಿನ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ನೀರುಕಾಗೆಯೋ ಹಾವಕ್ಕಿಯೋ? ಎರಡೂ ಹಾಗೆ ಒಣಗಿಸಿಕೊಳ್ಳುತ್ತವೆ. ಮೇಡಂ ಉತ್ತರ ಹೇಳದೆ ಒಬ್ಬೊಬ್ಬರೂ ಮೊದಲು ಬರೆದಿಡಲಿ, ಆಮೇಲೆ ಬೇರೆ ಬರೆದವರನ್ನು ಹುಡುಕಿ ವಾದ ಮಾಡಲಿ, ಕೊನೆಗೆ ಮತ್ತೆ ಬರೆಯಲಿ ಎಂದರು. ಹಾರ್ವರ್ಡ್‌ನ ಭೌತಶಾಸ್ತ್ರದ ಎರಿಕ್ ಮಜೂರ್ 1991ರಿಂದ ತರಗತಿಯೊಳಗೆ ಬೆಳೆಸಿದ ಕ್ರಮ ಇದು. ಕೆರೆದಂಡೆಯ ಮೇಲೆ ಅದು ಇನ್ನೂ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ವಾದದ ನಡುವೆ ಸಾಕ್ಷಿ ತಾನೇ ತಲೆ ತಿರುಗಿಸುತ್ತದೆ. 'ಕೊಕ್ಕಿನ ತುದಿ ನೋಡೇ, ಬಗ್ಗಿದೆ' ಎಂದಳು ಒಬ್ಬಳು. 'ಬಗ್ಗಿದ್ರೆ ಏನು?' 'ಹಾವಕ್ಕಿದು ಭರ್ಜಿ ಥರ ಇರತ್ತೆ. ಅದು ಈಜೋವಾಗ ಕತ್ತು ಮಾತ್ರ ಮೇಲೆ.' ಅದು ಅವಳಿಗೆ ಹೇಗೆ ಗೊತ್ತೆಂದು ಕೇಳಿದರೆ, ಹತ್ತು ನಿಮಿಷದ ಮುಂಚೆ ಇನ್ನೊಂದನ್ನು ನೋಡಿದ್ದಳು. ನೀರುಕಾಗೆ ಎಂದು ಬಹುಮತವಾಯಿತು. ಅದು ಸರಿಯೂ ಆಗಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಇಬ್ಬರು ಹುಡುಗರು ನನ್ನ ಹಿಂದಿನ ಸೀಟಿನಲ್ಲಿ ಗೊಣಗುತ್ತಿದ್ದರು. ಮೇಡಂ ಪಾಠನೇ ಮಾಡ್ತಿಲ್ಲ, ಬೇರೆ ಸೆಕ್ಷನ್‌ಗೆ ಆಗಲೇ ನಾಲ್ಕನೇ ಯೂನಿಟ್ ನೋಟ್ಸ್ ಕೊಟ್ಟಾಯ್ತು. ಇದೂ ಅಪರೂಪದ ಗೊಣಗಲ್ಲ. ಅದೇ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು 2019ರಲ್ಲಿ ತೋರಿಸಿದ್ದು ಇಷ್ಟು: ತಾವೇ ಲೆಕ್ಕ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ಒಳ್ಳೆಯ ಉಪನ್ಯಾಸ ಕೇಳಿದವರಿಗಿಂತ ತಾವು ಕಡಿಮೆ ಕಲಿತೆವೆಂದು ನಂಬಿದ್ದರು. ಕಲಿಯುವಾಗ ತೊಡಕಾಗುತ್ತದೆ, ತೊಡಕನ್ನು ಮನಸ್ಸು ಕಲಿಯದಿರುವುದರ ಗುರುತೆಂದು ಓದಿಕೊಳ್ಳುತ್ತದೆ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತಿತರರು ಒಟ್ಟುಗೂಡಿಸಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಫೇಲಾದವರು ಸರಾಸರಿ ಶೇ 33.8, ವಿದ್ಯಾರ್ಥಿಗಳಿಂದ ಕೆಲಸ ಮಾಡಿಸಿದ ತರಗತಿಗಳಲ್ಲಿ ಶೇ 21.8. ಈ ಅಂಕಿಗಳನ್ನು ಹಿಂದಿನ ಸೀಟಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಸೆಮಿಸ್ಟರ್ ಕೊನೆಯ ಪರೀಕ್ಷೆ ನೋಟ್ಸಿನಿಂದಲೇ ಬರುವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಲೆಕ್ಕಾಚಾರ ತಪ್ಪಲ್ಲ. ಗುರಿ, ಪಾಠ, ಪರೀಕ್ಷೆ ಮೂರೂ ಒಂದೇ ಕಡೆ ಮುಖ ಮಾಡಿರಬೇಕು ಎಂದು ಶಿಕ್ಷಣತಜ್ಞ ಜಾನ್ ಬಿಗ್ಸ್ 1996ರಲ್ಲಿ ವಾದಿಸಿದ್ದು ಇದೇ ಕಾರಣಕ್ಕೆ.

ಆ ತಪ್ಪಿದ ಮುಖ ಎದ್ದು ಕಂಡದ್ದು ಹೂವಿನಲ್ಲಿ. ಪಠ್ಯದ ಪ್ರಕಾರ ಅವರೆ, ಬಟಾಣಿ ಬಳಗದ ಹೂವಿಗೆ ಹತ್ತು ಕೇಸರ. ಒಂಬತ್ತು ಕೂಡಿಕೊಂಡಿರುತ್ತವೆ, ಹತ್ತನೆಯದು ಒಂಟಿ. ಸೂತ್ರದಲ್ಲಿ 9+1. ಪರೀಕ್ಷೆಯಲ್ಲಿ ಇದು ಬಾರದ ವರ್ಷವಿಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಜೋಡಿ ಹೊಂಗೆ ಹೂವಿನ ಮೇಲೆ ಕೂರುವ ದೊಡ್ಡ ಕರಿದುಂಬಿಯನ್ನು ಗಮನಿಸುತ್ತಿತ್ತು. ದುಂಬಿಯ ಭಾರಕ್ಕೆ ಕೆಳದಳ ಬಗ್ಗಿ ಒಳಗಿನ ಕೇಸರಗಳು ಅದರ ಹೊಟ್ಟೆಗೆ ತಾಗುವುದನ್ನು ಬರೆದುಕೊಂಡಿದ್ದರು. ಅದೇ ಕುತೂಹಲಕ್ಕೆ ಹೂ ಬಿಡಿಸಿ ನೋಡಿದರೆ ಹತ್ತೂ ಕೇಸರಗಳು ಒಂದೇ ಕೊಳವೆ. ಬುಡದಲ್ಲಿ ಮಾತ್ರ ಹತ್ತನೆಯದು ಬಿಡಿ, ಮೇಲೆ ಹೋದಂತೆ ಉಳಿದವುಗಳ ಜೊತೆ ಬೆಸೆದಿದೆ. ಒಂದು ಹೂ ಹಾಗಿರಬಹುದೆಂದು ಇನ್ನಷ್ಟು ತೆಗೆದರು. ಎಲ್ಲವೂ ಹಾಗೇ. ಹೊಂಗೆ ಇರುವುದೇ ಹಾಗೆ. ಫ್ಲೋರಾ ಗ್ರಂಥಗಳಲ್ಲಿ ಇದು ಎಂದಿನಿಂದಲೋ ದಾಖಲಾಗಿದೆ. ಆದರೆ ನೋಟ್ಸು ಬಟಾಣಿ ಗಿಡದ ಮೇಲೆ ಬರೆದದ್ದು, ಬಟಾಣಿಯನ್ನು ಇಡೀ ಕುಟುಂಬದ ತಲೆಗೆ ಕಟ್ಟಲಾಗಿತ್ತು. ನೂರಾರು ಹೊಂಗೆ ಮರಗಳಿರುವ ಊರಿನಲ್ಲಿ ಬ್ಯಾಚುಗಟ್ಟಲೆ ವಿದ್ಯಾರ್ಥಿಗಳು ಹೊಂಗೆಯ ಹೆಸರಿನ ಮುಂದೆ 9+1 ಬರೆದು ಪಾಸಾಗಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್, ಆ ಜೋಡಿಯ ಹುಡುಗಿ ಹೂವಿನಲ್ಲಿ ಕಂಡಂತೆಯೇ ಬರೆದ ಉತ್ತರಕ್ಕೆ ಮೊದಲು ಕತ್ತರಿ ಗುರುತು ಹಾಕಿದರು. 'ಸರ್, ಹೂವು ತರ್ಲಾ?' ಎಂದಳು. ಅವರು ಸಭ್ಯರು, ತರಿಸಿ ನೋಡಿದರು. ಸೂಜಿಯಿಂದ ಬಿಡಿಸಿ ಮೈಕ್ರೋಸ್ಕೋಪಿನ ಕೆಳಗೆ ಎರಡು ಸಲ ನೋಡಿದರು. ಕತ್ತರಿ ಗುರುತು ಅಳಿಸಿ ಅರ್ಧ ಅಂಕ ಕೊಟ್ಟರು. ಪೂರ್ತಿ ಯಾಕಿಲ್ಲವೆಂದು ಮೇಡಂ ಆಮೇಲೆ ಕೇಳಿದ್ದಕ್ಕೆ, ಸ್ಕೀಮ್ ಆಫ್ ವ್ಯಾಲ್ಯುಯೇಷನ್‌ನಲ್ಲಿ 9+1 ಎಂದಿದೆ, ನಾಳೆ ಯಾರಾದರೂ ಆಕ್ಷೇಪ ಎತ್ತಿದರೆ ತಾನು ಏನು ಉತ್ತರ ಕೊಡಲಿ ಎಂದರು. ಹೋಗುವಾಗ ಒಂದು ಗೊಂಚಲು ಕಾಗದದಲ್ಲಿ ಕಟ್ಟಿಕೊಂಡು ಹೋದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಸಾವಿರಾರು ಉತ್ತರ ಪತ್ರಿಕೆಗಳು ಒಂದೇ ಅಳತೆಯಲ್ಲಿ ಅಳೆಯಲ್ಪಡಬೇಕು, ಇಲ್ಲವಾದರೆ ಅನ್ಯಾಯ. ಟಿಪ್ಪಣಿ ಪುಸ್ತಕಕ್ಕೆ ಅಂಕ ಕೊಡುವಾಗ ಮೇಷ್ಟ್ರ ಒಲವು ನುಸುಳುವುದಿಲ್ಲವೇ ಎಂಬ ಅನುಮಾನವೂ ನ್ಯಾಯವಾದದ್ದೇ. ಮೇಡಂ ಇದಕ್ಕೆ ಕಂಡುಕೊಂಡ ಉಪಾಯ ಸರಳ: ಹೆಸರು ಮುಚ್ಚಿದ ಪುಸ್ತಕಗಳನ್ನು ಪ್ರಾಣಿಶಾಸ್ತ್ರದ ಸಹೋದ್ಯೋಗಿಗೆ ಕೊಟ್ಟು ಅವರಿಂದಲೂ ಅಂಕ ಹಾಕಿಸಿದರು, ಇಬ್ಬರ ಅಂಕ ದೂರವಾದಲ್ಲಿ ಕೂತು ಮಾತಾಡಿದರು. ಎರಡು ಸಂಜೆ ಹಿಡಿಯಿತು. ಅದನ್ನು ಮಾಡಿದವರು ಅತಿಥಿ ಉಪನ್ಯಾಸಕರು, ಅವರ ಸಂಬಳಕ್ಕೆ ಈ ಸಂಜೆಗಳು ಸೇರುವುದಿಲ್ಲ. ಉನ್ನತ ಶಿಕ್ಷಣದ ಸುಧಾರಣೆಯ ಬಗ್ಗೆ ಇಷ್ಟೊಂದು ಕಾರ್ಯಾಗಾರಗಳು ನಡೆಯುತ್ತವಲ್ಲ, ಅವುಗಳ ಊಟದ ಖರ್ಚಿನಲ್ಲಿ ಇಂಥ ಎಷ್ಟು ಸಂಜೆಗಳು ಬರುತ್ತವೆಂದು ಯಾರಾದರೂ ಲೆಕ್ಕ ಹಾಕಬೇಕು.

ಈಗಂತೂ ವರದಿ ಬರೆಯಲು ಜೆರಾಕ್ಸ್ ಅಂಗಡಿಗೂ ಹೋಗಬೇಕಾಗಿಲ್ಲ. ಚಾಟ್‌ಜಿಪಿಟಿಯನ್ನು ಕೇಳಿದರೆ ಹೊಂಗೆಯ ಬಗ್ಗೆ ತಪ್ಪಿಲ್ಲದ ನಾಲ್ಕು ಪುಟ ಬರುತ್ತದೆ. ಒಂದು ಜೋಡಿ ಹಾಗೆ ಮಾಡಿಯೂ ನೋಡಿತು. ಗೇಟಿನಿಂದ ಮೂರನೆಯ ಮರದಲ್ಲಿ ಮಾರ್ಚ್ ತಿಂಗಳಲ್ಲಿ ಚಿಗುರು ಯಾವ ಪಕ್ಕದಿಂದ ಶುರುವಾಯಿತೆಂದು ಅಂಚಿನಲ್ಲಿ ಪ್ರಶ್ನೆ ಬಿದ್ದ ಮೇಲೆ ಬಿಟ್ಟರು.

ಇಂಥ ಪುಸ್ತಕಗಳು ಅಂಕ ಹಾಕಿದ ಮೇಲೆ ರದ್ದಿಗೆ ಹೋಗಬೇಕಾಗಿಲ್ಲ. ಬರ್ಕ್ಲಿಯ ಪ್ರಾಣಿ ಸಂಗ್ರಹಾಲಯಕ್ಕೆ 1908ರಲ್ಲಿ ಮೊದಲ ನಿರ್ದೇಶಕನಾದ ಜೋಸೆಫ್ ಗ್ರಿನೆಲ್ ತನ್ನ ಜೊತೆಗಾರರಿಂದಲೂ ವಿದ್ಯಾರ್ಥಿಗಳಿಂದಲೂ ಒಂದೇ ಶಿಸ್ತಿನ ದಿನಚರಿ ಬರೆಸುತ್ತಿದ್ದ. ಯೊಸೆಮಿಟಿ ಬೆಟ್ಟಗಳಲ್ಲಿ 1914ರಿಂದ 1920ರವರೆಗೆ ಬರೆದ ಟಿಪ್ಪಣಿಗಳನ್ನು ಹಿಡಿದುಕೊಂಡು ಹೆಚ್ಚುಕಡಿಮೆ ಒಂದು ಶತಮಾನದ ನಂತರ ಅದೇ ಜಾಗಗಳಿಗೆ ಹೋದವರು 28 ಬಗೆಯ ಸಣ್ಣ ಸಸ್ತನಿಗಳ ನೆಲೆಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದರು: ಅರ್ಧದಷ್ಟು ಜಾತಿಗಳ ನೆಲೆಯ ಎಲ್ಲೆ ಸರಾಸರಿ 500 ಮೀಟರಿನಷ್ಟು ಮೇಲಕ್ಕೆ ಸರಿದಿತ್ತು. ಕನ್ನಡದಲ್ಲೂ ವಿದ್ಯಾರ್ಥಿಗಳ ಜೊತೆಗಿನ ತಿರುಗಾಟ ಪುಸ್ತಕವಾದ ದೊಡ್ಡ ನಿದರ್ಶನವಿದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದ ಬಿ.ಜಿ.ಎಲ್. ಸ್ವಾಮಿ ಶಿಷ್ಯರನ್ನು ಕಾಡಿಗೆ ಕರೆದೊಯ್ದ ಪ್ರವಾಸವೇ 'ಹಸುರು ಹೊನ್ನು' ಆಯಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆ ಪುಸ್ತಕವನ್ನು ನಾವು ಸಾಹಿತ್ಯದ ಪಾಠವಾಗಿ ಓದಿದೆವು. ಪಾಠ ಹೇಳುವ ಒಂದು ವಿಧಾನವಾಗಿ ಸಸ್ಯಶಾಸ್ತ್ರ ವಿಭಾಗಗಳು ಓದಿದ್ದರೆ ಚೆನ್ನಾಗಿತ್ತು.

ಮೇಡಂ ಹೊಂಗೆ ಪುಸ್ತಕಗಳನ್ನು ವಿಭಾಗದ ಬೀರುವಿನಲ್ಲಿ ಇಟ್ಟಿದ್ದಾರೆ. ಮುಂದಿನ ಬ್ಯಾಚಿನ ಮೊದಲ ಕೆಲಸ ಹಿಂದಿನವರ ಪುಸ್ತಕ ಹಿಡಿದು ಅದೇ ಮರಕ್ಕೆ ಹೋಗಿ, ಅವರು ಬರೆದದ್ದರಲ್ಲಿ ಯಾವುದು ಈಗ ಹೊಂದುವುದಿಲ್ಲ ಎಂದು ಹುಡುಕುವುದು. ಬಟ್ಟೆ ಚೀಲದ ಪ್ರಯೋಗಕ್ಕೆ ಜನವರಿಯಲ್ಲೇ ಇಬ್ಬರು ಹೆಸರು ಕೊಟ್ಟಿದ್ದಾರೆ.

ಈ ನಡುವೆ ಪ್ರಾಣಿಶಾಸ್ತ್ರದ ಮೇಷ್ಟ್ರಿಗೂ ಹುಮ್ಮಸ್ಸು ಹತ್ತಿದೆ. ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ಇಳಿಸಿ ಎಂದು 2011ರಲ್ಲೂ, ನಿಲ್ಲಿಸಿ ಎಂದು 2014ರಲ್ಲೂ ಯುಜಿಸಿ ಹೇಳಿತು. ಒಳ್ಳೆಯದೇ ಆಯಿತು, ಆದರೆ ಕೊಯ್ದ ಕಪ್ಪೆಯ ಜಾಗಕ್ಕೆ ಬಂದದ್ದು ಗೋಡೆಯ ಮೇಲಿನ ಚಾರ್ಟು. ಹಳೆಯ ಪಠ್ಯಗಳ ರಾಣಾ ಟೈಗ್ರಿನಾ ಈಗ ಹೊಪ್ಲೊಬ್ಯಾಟ್ರಾಕಸ್ ಟೈಗರಿನಸ್ ಆಗಿದೆ, ಚಾರ್ಟಿನಲ್ಲಿ ಆ ಹೆಸರೂ ಬದಲಾಗಿಲ್ಲ. ಜೂನ್ ಮಳೆ ಬಿದ್ದ ರಾತ್ರಿ ಕಾಲೇಜಿನ ಹಿಂದಿನ ಖಾಲಿ ಸೈಟಿನ ಗುಂಡಿಯಲ್ಲಿ ಕಪ್ಪೆಗಳು ಕೂಗುತ್ತವೆ. ಕೂಗು ಕೇಳಿ ಎಷ್ಟು ಜಾತಿ ಇವೆಯೆಂದು ಗುರುತಿಸುವುದು, ಯಾವುದು ಮೊದಲು ಶುರು ಮಾಡುತ್ತದೆ, ಒಂದು ನಿಂತಾಗ ಇನ್ನೊಂದು ಏನು ಮಾಡುತ್ತದೆ ಎಂದು ಬರೆಯುವುದು, ಇವಕ್ಕೆ ಅಂಕ ಹಂಚುವ ಕರಡು ಆಗಲೇ ಸಿದ್ಧವಾಗಿದೆ. ರಾತ್ರಿ ಬರಲಾಗದವರು ತಮ್ಮ ಊರಿನ ಗುಂಡಿಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು ತರಬಹುದು, ತರಗತಿಯಲ್ಲಿ ಎಲ್ಲರೂ ಕೇಳಿ ವಾದ ಮಾಡಬಹುದು. ಪ್ರಿನ್ಸಿಪಾಲರು ಒಪ್ಪಿದ್ದಾರೆ. ಹಾಸ್ಟೆಲ್ ವಾರ್ಡನ್ ಮಾತ್ರ ಇನ್ನೂ ಒಪ್ಪಿಲ್ಲ. ಪೋಷಕರ ಸಹಿ ಇರುವ ಪತ್ರ ಬೇಕು, ರಬ್ಬರ್ ಬೂಟು ಬೇಕು, ಹಾವಿನ ವಿಚಾರಕ್ಕೆ ಯಾರು ಜವಾಬ್ದಾರಿ ಎಂದು ಬರೆದುಕೊಡಬೇಕು ಎನ್ನುತ್ತಿದ್ದಾರೆ. ಪತ್ರದ ಒಕ್ಕಣೆ ತಿದ್ದಿಕೊಡಲು ಮೇಷ್ಟ್ರು ನನಗೆ ಕಳಿಸಿದ್ದಾರೆ.